ಮೊದಲು ತಾರಸಿ, ಕೊನೆಗೆ ಬಣ್ಣ: ಹಳೆಯ ಗ್ರಂಥಾಲಯದ ದುರಸ್ತಿಗೆ ಹೊರಟವರಿಗೆ

ಕೋಲ್ಕತ್ತದಲ್ಲಿ ಹೂಗ್ಲಿ ನದಿಯ ಪಕ್ಕದ ಸ್ಟ್ರ್ಯಾಂಡ್ ರಸ್ತೆಗೆ ಹೇರ್ ಸ್ಟ್ರೀಟ್ ಬಂದು ಸೇರುವ ಮೂಲೆಯಲ್ಲಿ 30 ಕಂಬಗಳ ಕಟ್ಟಡವೊಂದಿದೆ. ಕಂಬ ಒಂದೊಂದೂ 36 ಅಡಿ ಎತ್ತರ. ಅವುಗಳ ಕೆಳಗಿನ ಜಗಲಿಯೇ ನೆಲದಿಂದ 10 ಅಡಿ ಮೇಲಿದೆ. ಅಥೆನ್ಸ್ ನಗರದ ಗಾಳಿ ಗೋಪುರವನ್ನು ಮಾದರಿಯಾಗಿಟ್ಟುಕೊಂಡು ಸಿ. ಕೆ. ರಾಬಿಸನ್ ಇದರ ನಕ್ಷೆ ಹಾಕಿದರು; 1840ರಲ್ಲಿ ಅಡಿಗಲ್ಲು ಬಿದ್ದು 1844ರಲ್ಲಿ ಕೆಲಸ ಮುಗಿಯಿತು. 1835ರಲ್ಲಿ ಪತ್ರಿಕೆಗಳ ಮೇಲಿನ ನಿರ್ಬಂಧ ತೆಗೆದ ಚಾರ್ಲ್ಸ್ ಮೆಟ್ಕಾಫ್ ಅವರ ಹೆಸರನ್ನು ಕಟ್ಟಡಕ್ಕೆ ಇಟ್ಟರು. ಊರಿನ ಗಣ್ಯರು ಹಣ ಹಾಕಿ 1836ರಲ್ಲಿ ತೆರೆದಿದ್ದ ಕಲ್ಕತ್ತಾ ಪಬ್ಲಿಕ್ ಲೈಬ್ರರಿ ಈ ಮೆಟ್ಕಾಫ್ ಹಾಲ್‌ಗೆ ಬಂದು ನೆಲೆಸಿತು. ದ್ವಾರಕಾನಾಥ ಠಾಕೂರರು ಅದರ ಮೊದಲ ಪಾಲುದಾರರು. ಲಾರ್ಡ್ ಕರ್ಜನ್ ಆ ಸಂಗ್ರಹವನ್ನು ಸರ್ಕಾರಿ ಪುಸ್ತಕಗಳ ಜೊತೆ ಸೇರಿಸಿ, 1903ರ ಜನವರಿ 30ರಂದು ಇದೇ ಕಟ್ಟಡದಲ್ಲಿ ಇಂಪೀರಿಯಲ್ ಲೈಬ್ರರಿಯನ್ನು ಸಾರ್ವಜನಿಕರಿಗೆ ತೆರೆದರು. ಅದೇ ಮುಂದೆ ರಾಷ್ಟ್ರೀಯ ಗ್ರಂಥಾಲಯವಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಪುಸ್ತಕಗಳು ಆಲಿಪುರದ ಬೆಲ್ವೆಡೇರ್ ಬಂಗಲೆ ಸೇರಿದವು. ಒಂದು ಕಾಲಕ್ಕೆ ಬಂಗಾಳದ ಲೆಫ್ಟಿನೆಂಟ್ ಗವರ್ನರುಗಳು ವಾಸವಿದ್ದ ಮನೆ ಅದು. 1953ರ ಫೆಬ್ರುವರಿ 1ರಂದು ಮೌಲಾನಾ ಅಬುಲ್ ಕಲಾಂ ಆಜಾದ್ ಅದನ್ನು ಓದುಗರಿಗೆ ತೆರೆದಾಗ ಗ್ರಂಥಪಾಲಕರಾಗಿದ್ದವರು ಬಿ. ಎಸ್. ಕೇಶವನ್, ಅದಕ್ಕೂ ಮುಂಚೆ ಮೈಸೂರಿನಲ್ಲಿ ಪಾಠ ಹೇಳಿದ್ದವರು. 1954ರ ಕಾನೂನಿನ ಪ್ರಕಾರ ನಮ್ಮಲ್ಲಿ ಅಚ್ಚಾಗುವ ಪ್ರತಿಯೊಂದು ಕನ್ನಡ ಪುಸ್ತಕದ ಒಂದು ಪ್ರತಿ ಈ ಗ್ರಂಥಾಲಯಕ್ಕೆ ಹೋಗಬೇಕು; ಅಲ್ಲಿ ಕನ್ನಡಕ್ಕೆಂದೇ ಒಂದು ವಿಭಾಗವಿದೆ. ಅಲ್ಲಿನ ಸೂರು ಸೋರಿದರೆ ನಮ್ಮ ಪುಸ್ತಕವೂ ನೆನೆಯುತ್ತದೆ.

ಈ ಎರಡು ಕಟ್ಟಡಗಳೂ ದುರಸ್ತಿ ಕಂಡಿವೆ. 2020ರ ಜನವರಿ 11ರಂದು ಹಳೆಯ ಕರೆನ್ಸಿ ಕಟ್ಟಡ, ವಿಕ್ಟೋರಿಯಾ ಮೆಮೋರಿಯಲ್‌ಗಳ ಜೊತೆಗೆ ಇವನ್ನೂ ನವೀಕರಿಸಿದ ಪಾರಂಪರಿಕ ಕಟ್ಟಡಗಳೆಂದು ದೇಶಕ್ಕೆ ಒಪ್ಪಿಸಲಾಯಿತು. ಆದರೆ ಒಂದು ವಿಷಯವನ್ನು ಗಮನಿಸಬೇಕು. ಮೆಟ್ಕಾಫ್ ಹಾಲ್‌ನಲ್ಲಿ ಈಗ ಕೋಲ್ಕತ್ತ ನಗರದ ಕಥೆ ಹೇಳುವ ಪ್ರದರ್ಶನವಿದೆ. ಬೆಲ್ವೆಡೇರ್‌ನ ಪುಸ್ತಕಗಳು ಅದೇ ಆವರಣದ ಹೊಸ ಕಟ್ಟಡವಾದ ಭಾಷಾ ಭವನಕ್ಕೆ ಹೋಗಿವೆ. ಗೋಡೆ ಉಳಿದಿದೆ, ಓದುವ ಮೇಜು ಬೇರೆಡೆಗೆ ಹೋಗಿದೆ. ದೊಡ್ಡ ಸಂಸ್ಥೆಗೆ ಅದು ಸರಿಯಾದ ದಾರಿಯೇ. ನಮ್ಮ ತಾಲ್ಲೂಕು ಕೇಂದ್ರದ ಹೆಂಚಿನ ವಾಚನಾಲಯಕ್ಕೆ, ಸಂಘದವರು ಎಂಬತ್ತು ತೊಂಬತ್ತು ವರ್ಷದ ಹಿಂದೆ ಕಟ್ಟಿಸಿದ ಪುಸ್ತಕ ಭಂಡಾರಕ್ಕೆ ಪಕ್ಕದಲ್ಲೊಂದು ಭಾಷಾ ಭವನ ಎದ್ದು ನಿಲ್ಲುವುದಿಲ್ಲ. ಅಲ್ಲಿ ಕಟ್ಟಡವೂ ಉಳಿಯಬೇಕು, ಓದುವವರೂ ಅದರೊಳಗೇ ಇರಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ನೂರು ವರ್ಷ ದಾಟಿಯೂ ಗ್ರಂಥಾಲಯವಾಗಿಯೇ ಇದೆ. ಅಂಥದ್ದೊಂದು ಕಟ್ಟಡದ ಹೊಣೆ ಹೊತ್ತ ಸಮಿತಿಯವರಿಗೆ, ಗ್ರಂಥಪಾಲಕರಿಗೆ, ಕಾಳಜಿಯುಳ್ಳ ಓದುಗರಿಗೆ ಈ ಬರಹ.

ಗೋಡೆಗೆ ಕೈಹಾಕುವ ಮುಂಚೆ

ಬೆಲ್ವೆಡೇರ್ ದುರಸ್ತಿಯನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ವಹಿಸಿದ ಮೇಲೆ, 2010ರಲ್ಲಿ, ಎಂಜಿನಿಯರುಗಳು ಕಟ್ಟಡವನ್ನು ಅಳೆಯುತ್ತಿದ್ದಾಗ ನೆಲ ಅಂತಸ್ತಿನಲ್ಲಿ ಲೆಕ್ಕಕ್ಕೆ ಸಿಗದ ಜಾಗವೊಂದು ಕಂಡಿತು. ಸುಮಾರು 1,000 ಚದರಡಿಯ ಕೋಣೆ; ಬಾಗಿಲಿಲ್ಲ, ಕಿಟಕಿಯಿಲ್ಲ, ಮೇಲಿನಿಂದ ಇಳಿಯುವ ಕಿಂಡಿಯೂ ಇಲ್ಲ. ನಿಧಿಯಿದೆ, ಗುಪ್ತ ಸೆರೆಮನೆಯಿದೆ ಎಂದು ಪತ್ರಿಕೆಗಳು ಬರೆದವು. ಮರುವರ್ಷ ಪರೀಕ್ಷಿಸಿದಾಗ ಸಿಕ್ಕಿದ್ದು ಬರೀ ಮಣ್ಣು. ಕಟ್ಟಡ ಗಟ್ಟಿಯಾಗಿ ಕೂರಲೆಂದು ಹಿಂದಿನವರು ತುಂಬಿಸಿಟ್ಟಿದ್ದಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಅಳತೆ ಮಾಡದೆ ಯಾರೋ ಮೇಸ್ತ್ರಿ ಆ ಗೋಡೆ ಒಡೆದು ಮಣ್ಣು ಹೊರಹಾಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಕೋಲ್ಕತ್ತ ನಿಂತಿರುವುದು ಮೆತ್ತನೆಯ ಜೇಡಿ ನೆಲದ ಮೇಲೆ.

ಆದ್ದರಿಂದ ಮೊದಲ ಖರ್ಚು ಅಳತೆಗೆ. ಪ್ರತಿ ಕೋಣೆಯ ನಕ್ಷೆ, ಪ್ರತಿ ಗೋಡೆಯ ದಪ್ಪ, ಪ್ರತಿ ಬಿರುಕಿನ ಫೋಟೋ ಆಗಬೇಕು. ಬಿರುಕಿನ ಎರಡು ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ಬದಿ ಗಾರೆಯಲ್ಲಿ ಕೂರಿಸಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗಾಡುತ್ತಿದೆ ಎಂದು ಅರ್ಥ, ಆಗ ಪಾಯವನ್ನು ನೋಡಬೇಕು. ಗಾಜು ಒಂದು ಬೇಸಿಗೆ, ಒಂದು ಮಳೆಗಾಲ ಕಳೆದೂ ಹಾಗೇ ಇದ್ದರೆ ಅದು ಎಂದೋ ಬಿದ್ದ ಹಳೆಯ ಬಿರುಕು, ತುಂಬಿಸಿದರೆ ಸಾಕು. ಒಂದು ವರ್ಷ ಕಾಯುವುದೇ ಎಂದು ಸಮಿತಿಯಲ್ಲಿ ಗೊಣಗಾಟ ಏಳುತ್ತದೆ. ಕಾಯಲೇಬೇಕು. ಬೇಸಿಗೆಯಲ್ಲಿ ನೋಡಿ ಬರೆದ ಅಂದಾಜು ಪಟ್ಟಿಯನ್ನು ನಂಬಬೇಡಿ, ಹಳೆಯ ಕಟ್ಟಡದ ರೋಗ ಕಾಣುವುದು ಮಳೆಯಲ್ಲಿ.

ನೀರು ಎಲ್ಲಿಂದ ಬರುತ್ತಿದೆ?

ಜೋರು ಮಳೆ ಬರುವಾಗ ಛತ್ರಿ, ಟಾರ್ಚು ಹಿಡಿದು ಕಟ್ಟಡವನ್ನು ಒಂದು ಸುತ್ತು ಹಾಕಿ. ತಾರಸಿಯ ನೀರು ಎಲ್ಲಿ ಮಡುಗಟ್ಟುತ್ತದೆ, ಯಾವ ಕೊಳವೆ ಉಕ್ಕುತ್ತದೆ, ಕಾರ್ನಿಸಿನಿಂದ ಯಾವ ಗೋಡೆಗೆ ಹರಿಯುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರಾಯಿತು. ಅಷ್ಟೂ ಇಳಿಯುವ ಕೊಳವೆಯ ಬಾಯಲ್ಲಿ ಒಂದು ಹಿಡಿ ಎಲೆ ಸಿಕ್ಕಿಕೊಂಡರೆ ಸಾಕು, ನೀರು ಗೋಡೆಯೊಳಗೆ ದಾರಿ ಹುಡುಕುತ್ತದೆ. ಮೈಸೂರಿನಲ್ಲಿ ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದದ್ದು 2012ರ ಆಗಸ್ಟ್‌ನಲ್ಲಿ, ಮಳೆಗಾಲದಲ್ಲಿ. ಸೋರಿಕೆಯನ್ನು ಬರೀ ಕಿರಿಕಿರಿ ಎಂದು ತಳ್ಳಿಹಾಕುವವರಿಗೆ ಆ ದಿನವನ್ನು ನೆನಪಿಸಬೇಕು.

ಕೋಲ್ಕತ್ತದ ಹಳೆಯ ಕಟ್ಟಡಗಳ ಮಾಳಿಗೆಯನ್ನು ಅಲ್ಲಿಯವರು ಕೋಡಿ-ಬರ್ಗಾ ಎನ್ನುತ್ತಾರೆ. ದಪ್ಪ ತೊಲೆ, ಅದರ ಮೇಲೆ ಸಣ್ಣ ಜಂತೆ, ಜಂತೆಯ ಮೇಲೆ ಇಟ್ಟಿಗೆ ಅಥವಾ ಚಪ್ಪಟೆ ಬಿಲ್ಲೆ, ಎಲ್ಲಕ್ಕೂ ಮೇಲೆ ಜಲ್‌ಛಾದ್ ಎಂಬ ಗಾರೆಯ ಹೊದಿಕೆ. ನಮ್ಮ ಮದ್ರಾಸ್ ತಾರಸಿಗೆ ಇದು ಹತ್ತಿರದ ನೆಂಟ. ಇಟ್ಟಿಗೆ ಚೂರು, ಸುರ್ಕಿ ಎಂಬ ಇಟ್ಟಿಗೆ ಪುಡಿ, ಸುಣ್ಣ ಕಲಸಿ ಹರಡಿ, ಸಾಲಾಗಿ ಕುಳಿತವರು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವ ತಾಳಕ್ಕೆ ಹಾಡು ಹುಟ್ಟಿತು. ಬಂಗಾಳಿಯಲ್ಲಿ ಮಾಳಿಗೆ ಬಡಿಯುವ ಹಾಡುಗಳೆಂದೇ ಒಂದು ಬಗೆಯಿದೆ. ಅಷ್ಟು ಶ್ರಮ ಹಾಕಿ ಕೂಡಿಸಿದ ಹೊದಿಕೆಯ ಮೇಲೆ ನಾವು ಮಾಡುವುದೇನು? ಸೋರಿದಾಗಲೆಲ್ಲ ಒಂದು ಇಂಚು ಸಿಮೆಂಟು ಬಳಿಯುತ್ತೇವೆ. ಒಂದು ಇಂಚು ದಪ್ಪಕ್ಕೆ ಚದರ ಮೀಟರಿಗೆ ಸುಮಾರು 50 ಕಿಲೋ ಭಾರ. ಹತ್ತು ಹತ್ತು ವರ್ಷಕ್ಕೊಂದರಂತೆ ನಾಲ್ಕು ಪದರ ಬಿದ್ದರೆ, ನೂರು ವರ್ಷದ ತೊಲೆಯ ಮೇಲೆ ಚದರ ಮೀಟರಿಗೆ 200 ಕಿಲೋ ಹೆಚ್ಚಾಯಿತು. ಹೊಸ ಪದರ ಹಾಕುವ ಮುಂಚೆ ಹಳೆಯ ಸಿಮೆಂಟನ್ನು ಕೈ ಉಳಿಯಲ್ಲಿ ಜೋಪಾನವಾಗಿ ಬಿಡಿಸಿ ಇಳಿಸಿ. ಡ್ರಿಲ್ಲಿಂಗ್ ಯಂತ್ರವನ್ನು ತಾರಸಿಗೆ ಹತ್ತಿಸಲೇಬೇಡಿ. ಆಮೇಲೆ ಸುಣ್ಣದ ಹೊದಿಕೆಯನ್ನೇ ಸರಿಯಾದ ಇಳಿಜಾರಿನಲ್ಲಿ ಮತ್ತೆ ಕೂಡಿಸಿ.

ತೊಲೆ ಕೊಳೆಯುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹುದುಗಿರುವ ತುದಿಯಲ್ಲಿ. ಕಬ್ಬಿಣದ ತೊಲೆಯಾದರೂ ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಗೋಡೆಯ ಪಕ್ಕ ಮೊಳೆ ಚುಚ್ಚಿ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ. ತುದಿ ಮಾತ್ರ ಹೋಗಿದ್ದರೆ ಕೆಟ್ಟ ಭಾಗ ಕತ್ತರಿಸಿ ಅದೇ ಜಾತಿಯ ಒಣಗಿದ ಮರವನ್ನು ಜೋಡಿಸಿ, ಎರಡೂ ಪಕ್ಕ ಉಕ್ಕಿನ ಪಟ್ಟಿ ಬಿಗಿಸಬಹುದು. ಇಡೀ ಮಾಳಿಗೆ ಕಿತ್ತು ಆರ್‌ಸಿಸಿ ಹಾಕೋಣ ಎನ್ನುವ ಗುತ್ತಿಗೆದಾರರಿಗೆ ಬೇಡ ಎನ್ನಿ. ಹಳೆಯ ಇಟ್ಟಿಗೆ ಗೋಡೆ ಹೊಸ ಕಾಂಕ್ರೀಟಿನ ಭಾರವನ್ನು ತಾಳುತ್ತದೆ ಎಂದು ಲೆಕ್ಕ ಹಾಕಿ ತೋರಿಸುವವರೆಗೆ ಆ ಮಾತಿಗೆ ಒಪ್ಪಬಾರದು.

ಕಾರ್ನಿಸಿನ ಸಂದಿಯಲ್ಲಿ ಅರಳಿ, ಆಲದ ಸಸಿ ಕಂಡರೆ ಎಳೆದು ಕೀಳುವ ಆಸೆಯಾಗುತ್ತದೆ. ಬೆರಳು ಗಾತ್ರಕ್ಕಿಂತ ಸಣ್ಣದಿದ್ದರೆ ಕೀಳಬಹುದು. ದೊಡ್ಡದನ್ನು ಎಳೆದರೆ ಬೇರಿನೊಂದಿಗೆ ಇಟ್ಟಿಗೆಯೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಕತ್ತರಿಸಿದ ಮುಖಕ್ಕೆ ಕಳೆನಾಶಕ ಸವರಿ, ಬೇರು ಪೂರ್ತಿ ಸತ್ತು ಒಣಗಿದ ಮೇಲೆ ತೆಗೆದು ಸಂದಿಗೆ ಗಾರೆ ತುಂಬಬೇಕು.

ಇನ್ನು ಕೆಳಗಿನಿಂದ ಏರುವ ತೇವ. ಮೆಟ್ಕಾಫ್ ಹಾಲ್‌ನ 10 ಅಡಿ ಜಗಲಿ ನದಿಯ ಪಕ್ಕದಲ್ಲಿ ಬರೀ ಅಂದಕ್ಕಿರುವುದಲ್ಲ. ನಮ್ಮೂರುಗಳಲ್ಲಿ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಮೂರು ಮೆಟ್ಟಿಲ ಜಗಲಿ ಒಂದು ಮೆಟ್ಟಿಲಾಗಿರುತ್ತದೆ. ಮಳೆ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತದೆ. ಗೋಡೆಯ ಕೆಳಭಾಗದಲ್ಲಿ ಬಿಳಿ ಉಪ್ಪು ಮೇಲೆದ್ದು ಗಾರೆ ಪುಡಿಯಾಗಿ ಉದುರುತ್ತಿದ್ದರೆ ಮೊದಲು ಹೊರಗಿನ ನೆಲ ತಗ್ಗಿಸಿ, ಸುತ್ತ ಚರಂಡಿ ತೋಡಿ, ಇಳಿಯುವ ಕೊಳವೆಯ ನೀರನ್ನು ದೂರ ಸಾಗಿಸಿ. ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಿಸುವ ದುಬಾರಿ ಚಿಕಿತ್ಸೆಗಳ ಮಾತು ಆಮೇಲೆ. ಬಹಳ ಕಡೆ ಅದರ ಅಗತ್ಯವೇ ಬೀಳುವುದಿಲ್ಲ.

ಸುಣ್ಣದ ಕೆಲಸ

ಹಳೆಯ ಇಟ್ಟಿಗೆ ಮೆತ್ತಗಿರುತ್ತದೆ, ನೀರು ಹೀರುತ್ತದೆ. ಸುಣ್ಣದ ಗಾರೆ ಅದಕ್ಕಿಂತಲೂ ಮೆತ್ತಗೆ. ಗೋಡೆಯೊಳಗಿನ ತೇವ ಗಾರೆಯ ಮೂಲಕ ಹೊರಗೆ ಬಂದು ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವಕ್ಕೆ ಹೊರದಾರಿ ಮುಚ್ಚುತ್ತದೆ. ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ಐದಾರು ವರ್ಷಕ್ಕೆ ಸಿಮೆಂಟು ಹಾಳೆಯಂತೆ ಎದ್ದು ಬರುವಾಗ ಜೊತೆಗೆ ಇಟ್ಟಿಗೆಯ ಅರ್ಧ ಇಂಚೂ ಹೋಗಿರುತ್ತದೆ. ಹಾಗೆ ಹೋದ ಇಟ್ಟಿಗೆ ಮತ್ತೆ ಬರುವುದಿಲ್ಲ.

ಸುಟ್ಟ ಸುಣ್ಣದ ಕಲ್ಲನ್ನು ಹೊಂಡದ ನೀರಿಗೆ ಹಾಕಿ ಅರಳಿಸಬೇಕು. ಕೊತಕೊತ ಕುದಿಯುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಕವಚ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಸೋಸಿ, ನೀರಿನಡಿಯಲ್ಲೇ ಕೆಲವು ವಾರವಾದರೂ ಇಡಬೇಕು; ಹೆಚ್ಚು ದಿನ ಇಟ್ಟಷ್ಟೂ ಬೆಣ್ಣೆಯ ಹದಕ್ಕೆ ಬರುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು ಮತ್ತು ಸುರ್ಕಿ ಎಂಬುದು ಸಾಮಾನ್ಯ ಲೆಕ್ಕ. ಸುರ್ಕಿಗೆ ಅತಿಯಾಗಿ ಸುಡದ ಇಟ್ಟಿಗೆಯ ಪುಡಿಯೇ ಆಗಬೇಕು, ಅದೇ ಸುಣ್ಣದ ಜೊತೆ ಕೂಡಿ ತೇವದಲ್ಲೂ ಗಟ್ಟಿಯಾಗುವುದು. ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು, ಈಗ ಮೋಟಾರಿನ ಗಾಣ ಸಿಗುತ್ತದೆ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ನಮ್ಮ ಕಡೆಯ ರೂಢಿ. ಬಂಗಾಳದಲ್ಲಿ ಬಿಲ್ವದ ಹಣ್ಣನ್ನೂ ಸೇರಿಸುತ್ತಿದ್ದರು. ಇವೆಲ್ಲ ಬೇಕೇ, ಎಷ್ಟು ಬೇಕು ಎಂಬುದನ್ನು ಹಳೆಯ ಗಾರೆಯ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿ ತಿಳಿದುಕೊಳ್ಳಿ. ಊಹೆಯ ಮೇಲೆ ಬೆಲ್ಲ ಸುರಿಯುವುದರಿಂದ ಪ್ರಯೋಜನವಿಲ್ಲ.

ಕಟ್ಟಡದ ಹಿಂಬದಿಯಲ್ಲಿ ಒಂದು ಮೀಟರ್ ಉದ್ದಗಲದ ಜಾಗಕ್ಕೆ ಮಾದರಿ ಗಾರೆ ಹಾಕಿಸಿ, ಒಂದೆರಡು ತಿಂಗಳು ನೋಡಿ, ಆಮೇಲೆ ಮುಂಗೋಡೆಗೆ ಬನ್ನಿ. ತೆಳು ಪದರಗಳಲ್ಲಿ ಹಾಕಬೇಕು, ಒಂದು ಪದರ ಹಿಡಿದ ಮೇಲೆ ಇನ್ನೊಂದು. ಗೋಣಿತಾಟು ಕಟ್ಟಿ ಎರಡು ವಾರ ತಂಪು ಹೊಡೆಯಬೇಕು. ಅವಸರಕ್ಕೆ ಒಂದು ಬೊಗಸೆ ಸಿಮೆಂಟು ಬೆರೆಸುವ ಚಾಳಿ ಎಲ್ಲ ಕಡೆಯೂ ಇದೆ. ಬೆರೆಸುವ ಹೊತ್ತಿಗೆ ಸಮಿತಿಯ ಒಬ್ಬರು ಅಲ್ಲಿರಬೇಕು. ಕೊನೆಗೆ ಬಣ್ಣ: ಪ್ಲಾಸ್ಟಿಕ್ ಎಮಲ್ಷನ್ ಬೇಡ, ಸುಣ್ಣವನ್ನೇ ಬಳಿಯಿರಿ. ಉದ್ಘಾಟನೆಗೆಂದು ಎಲ್ಲಕ್ಕಿಂತ ಮೊದಲು ಬಣ್ಣ ಹೊಡೆದು, ಮರು ಮಳೆಗಾಲಕ್ಕೆ ಮಚ್ಚೆಮಚ್ಚೆಯಾಗಿ ನಿಂತ ಎಷ್ಟೋ ಕಟ್ಟಡಗಳು ನಮ್ಮ ಕಣ್ಣೆದುರಿಗಿವೆ. ಆ ಹಣದಲ್ಲಿ ತಾರಸಿ ಸರಿಯಾಗುತ್ತಿತ್ತು ಎಂದು ನೆನೆದರೆ ಸಂಕಟವಾಗುತ್ತದೆ.

ಪುಸ್ತಕದ ಭಾರ, ಪುಸ್ತಕದ ಸಾಗಾಟ

ಬೆಲ್ವೆಡೇರ್ ಮನೆಯಾಗಿ ಕಟ್ಟಿದ್ದು. ಮನೆಯ ನೆಲಕ್ಕೆ ಇಂದಿನ ಭಾರತೀಯ ಮಾನಕ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಪುಸ್ತಕದ ರ‍್ಯಾಕುಗಳ ಕೋಣೆಗೆ ಅದೇ ಮಾನಕ ಹೇಳುವುದು ಸುಮಾರು 600 ಕಿಲೋ, ಅದೂ 2.2 ಮೀಟರ್ ಎತ್ತರದವರೆಗೆ. ಆಚೆಗೆ ಇನ್ನೂ ಹೆಚ್ಚು. ನಮ್ಮ ಅನೇಕ ಹಳೆಯ ಗ್ರಂಥಾಲಯಗಳೂ ದಾನಿಗಳ ಮನೆ, ಸಭಾಭವನ, ಛತ್ರಗಳಾಗಿದ್ದವೇ. ಮಹಡಿಯ ನಡುವೆ ರ‍್ಯಾಕುಗಳನ್ನು ಸಾಲುಗಟ್ಟಿಸಿದ್ದರೆ ಇವತ್ತೇ ಕೆಳಗಿಳಿಸಿ. ಮಹಡಿ ಓದುವ ಕೋಣೆಯಾಗಲಿ, ಪುಸ್ತಕ ನೆಲ ಅಂತಸ್ತಿಗೆ ಬರಲಿ. ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳು ಸಂದು ಬಿಡಿ. ಗೆದ್ದಲಿನ ಮಣ್ಣುಗೆರೆ ಕಣ್ಣಿಗೆ ಬೀಳುತ್ತದೆ, ಗಾಳಿಯೂ ಆಡುತ್ತದೆ.

ದುರಸ್ತಿಗೆಂದು ಇಡೀ ಗ್ರಂಥಾಲಯ ಮುಚ್ಚಿ ಪುಸ್ತಕಗಳನ್ನು ಬಾಡಿಗೆ ಗೋದಾಮಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಎರಡು ವರ್ಷ ಬಾಗಿಲು ಹಾಕಿದರೆ ಓದುಗರು ಬೇರೆ ದಾರಿ ನೋಡಿಕೊಳ್ಳುತ್ತಾರೆ, ಕಟ್ಟಡದ ಮೇಲೆ ಕಣ್ಣಿಟ್ಟವರು ಹತ್ತಿರ ಬರುತ್ತಾರೆ. ಒಂದೊಂದೇ ಕೋಣೆ ಖಾಲಿ ಮಾಡಿ ಕೆಲಸ ನಡೆಸಿ; ಪತ್ರಿಕೆ ಓದುವ ಮೇಜನ್ನು ವರಾಂಡದಲ್ಲಾದರೂ ಹಾಕಿ. ಕಪಾಟಿಗೊಂದು ಅಕ್ಷರ, ಅರೆಗೊಂದು ಅಂಕಿ ಕೊಟ್ಟು, ಪೆಟ್ಟಿಗೆಯ ಮೇಲೂ ಅದನ್ನೇ ಬರೆಯಿರಿ. ಪೆಟ್ಟಿಗೆ ಒಬ್ಬರು ಎತ್ತುವಷ್ಟೇ ಇರಲಿ. ಧೂಳು ಒರೆಸುವುದು ಸಾಗಿಸುವ ಮುಂಚೆ.

2020ರ ಮೇ 20ರಂದು ಅಂಫಾನ್ ಚಂಡಮಾರುತ ಬಡಿದಾಗ ಕೋಲ್ಕತ್ತದ ಕಾಲೇಜ್ ಸ್ಟ್ರೀಟ್‌ನಲ್ಲಿ ಪುಸ್ತಕಗಳು ನೀರಿನಲ್ಲಿ ತೇಲಿದ್ದನ್ನು ಇಡೀ ದೇಶ ನೋಡಿತು. ನೆನೆದ ಪುಸ್ತಕಕ್ಕೆ ಎರಡು ದಿನದೊಳಗೆ ಆರೈಕೆ ಸಿಗಬೇಕು, ಆಮೇಲೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕಬೇಡಿ, ಹಾಳೆ ಸೊಟ್ಟಗಾಗುತ್ತದೆ. ನೆರಳಲ್ಲಿ ನಿಲ್ಲಿಸಿ, ಹಾಳೆ ಬಿಡಿಸಿ, ಫ್ಯಾನು ಹಾಕಿ; ನಡುನಡುವೆ ಅಚ್ಚಾಗದ ಬಿಳಿ ಹೀರುಕಾಗದ ಇಟ್ಟು ಬದಲಿಸುತ್ತಿರಿ. ನುಣುಪು ಹಾಳೆಯ ಚಿತ್ರಪುಸ್ತಕಗಳು ಒಣಗಿದರೆ ಅಂಟಿ ಒಂದೇ ಹಲಗೆಯಾಗುತ್ತವೆ, ಅವುಗಳಿಗೆ ಮೊದಲ ಸರದಿ. ರಾಶಿ ದೊಡ್ಡದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಊರಿನ ಶೀತಲಗೃಹದ ಮಾಲೀಕರನ್ನು ಕೇಳಿ. ಹೆಪ್ಪುಗಟ್ಟಿಸುವ ಕೋಣೆಯಿದ್ದರೆ ಪುಸ್ತಕ ಅಲ್ಲಿ ಕೆಡದೆ ಕಾಯುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು.

ವಿದ್ಯುತ್ತಿನ ಬಗ್ಗೆ ಇಷ್ಟು: ಬಟ್ಟೆ ಸುತ್ತಿದ ಹಳೆಯ ವೈರು ಕಂಡರೆ ಪೂರ್ತಿ ಬದಲಿಸಿ, ಗೋಡೆ ಕೊರೆಯದೆ ಹೊರಗೊಳವೆಯಲ್ಲೇ ಎಳೆಯಿಸಿ, ಪುಸ್ತಕದ ಕೋಣೆಯ ಮೇನ್ ಸ್ವಿಚ್ಚು ಬಾಗಿಲ ಹೊರಗಿರಲಿ.

ಅನುಮತಿ ಮತ್ತು ಹಣ

ಕಟ್ಟಡವೇ ಸಂರಕ್ಷಿತ ಸ್ಮಾರಕವಾಗಿದ್ದರೆ ನೀವು ಮೊಳೆಯನ್ನೂ ಹೊಡೆಯುವಂತಿಲ್ಲ. ಕೇಂದ್ರದ ಪುರಾತತ್ವ ಇಲಾಖೆ ಅಥವಾ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮೂಲಕವೇ ಕೆಲಸ ಆಗಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ, ಅಥವಾ ಅದರಾಚೆಯ 200 ಮೀಟರ್ ವಲಯದಲ್ಲಿದ್ದರೆ, ದುರಸ್ತಿಗೂ ಅನುಮತಿ ಬೇಕು. ಹಂಪಿ, ಬಾದಾಮಿ, ಶ್ರೀರಂಗಪಟ್ಟಣದಂಥ ಊರಿನವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಹಣದ ವಿಷಯದಲ್ಲಿ ನಮ್ಮವರಿಗೆ ಗೊತ್ತಿಲ್ಲದ ದಾರಿಗಳಿವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ನಿಮ್ಮೂರಿನಲ್ಲಿ ವಸೂಲಾದದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ ಸಂದಾಯವಾಗಿದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 1972ರಲ್ಲಿ ಹುಟ್ಟಿದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಕಚೇರಿ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿದೆ. ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆ ಕಟ್ಟಡದ ಜಾಗ ಹೆಚ್ಚಿಸಲು ನೆರವು ಕೊಡುವ ಯೋಜನೆ ಅದರಲ್ಲಿದೆ. 50, 75, 100 ವರ್ಷ ತುಂಬಿದ ಗ್ರಂಥಾಲಯಗಳಿಗೆಂದೇ ಇನ್ನೊಂದು ಯೋಜನೆಯಿದೆ. ಆಯಾ ವರ್ಷದ ನಿಯಮ ನೋಡಿ, ರಾಜ್ಯದ ಗ್ರಂಥಾಲಯ ಇಲಾಖೆಯನ್ನು ವಿಚಾರಿಸಿ ಅರ್ಜಿ ಹಾಕಿ. ನಿಮ್ಮ ಗ್ರಂಥಾಲಯ ಹುಟ್ಟಿದ ವರ್ಷಕ್ಕೆ ಕಾಗದದ ಆಧಾರ ಬೇಕಾಗುತ್ತದೆ: ಹಳೆಯ ನಡಾವಳಿ ಪುಸ್ತಕ, ಗೋಡೆಯ ಶಿಲಾಫಲಕ, ಅಂದಿನ ಪತ್ರಿಕೆಯ ತುಣುಕು ಹುಡುಕಿಡಿ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ ಮತ್ತು ಸಾರ್ವಜನಿಕ ಗ್ರಂಥಾಲಯಗಳ ಸ್ಥಾಪನೆ ಎರಡೂ ಒಂದೇ ಸಾಲಿನಲ್ಲಿವೆ. ಹತ್ತಿರದ ಕಾರ್ಖಾನೆಯ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ವಿಭಾಗಕ್ಕೆ ಹೋಗುವಾಗ ಆ ಸಾಲನ್ನು ತೋರಿಸಿ.

ಅತಿ ಕಡಿಮೆ ದರದ ಟೆಂಡರಿಗೆ ಸುಣ್ಣದ ಕೆಲಸ ಕೊಡಬೇಡಿ. ಹಿಂದೆ ಮಾಡಿದ ಸುಣ್ಣದ ಕೆಲಸ, ಕನಿಷ್ಠ ಎರಡು ಮಳೆಗಾಲ ಕಂಡದ್ದು, ಎಲ್ಲಿದೆ ಎಂದು ಕೇಳಿ ಹೋಗಿ ನೋಡಿ. ಅಂದಾಜಿನಲ್ಲಿ ಐದನೇ ಒಂದು ಪಾಲು ಕೈಯಲ್ಲಿಟ್ಟುಕೊಳ್ಳಿ. ಗಾರೆ ಬಿಚ್ಚಿದ ಮೇಲೆ ಕಾಣುವ ಗೋಡೆ ಮೊದಲು ಊಹಿಸಿದಂತೆ ಇರುವುದು ಅಪರೂಪ.

ಕೆಲಸ ಮುಗಿದ ಮೇಲೆ ಒಂದು ಕಡತ ಬೇಕು: ಯಾವ ಗೋಡೆಗೆ ಯಾವ ಪ್ರಮಾಣದ ಗಾರೆ, ಯಾವ ಗೂಡಿನ ಸುಣ್ಣ, ಯಾವ ತೊಲೆಗೆ ಯಾವ ಜೋಡಣೆ, ಜೊತೆಗೆ ಫೋಟೋಗಳು. ಒಂದು ಪ್ರತಿ ಗ್ರಂಥಾಲಯದಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ಪ್ರತಿ ವರ್ಷ ಮೇ ತಿಂಗಳಲ್ಲಿ ತಾರಸಿ ಗುಡಿಸಿ ಕೊಳವೆಗಳಿಗೆ ನೀರು ಬಿಟ್ಟು ನೋಡುವುದು, ಜೋರು ಮಳೆ ಬಂದಾಗಲೆಲ್ಲ ಒಂದು ಸುತ್ತು ಹಾಕುವುದು, ದೀಪಾವಳಿಯ ಹೊತ್ತಿಗೆ ಗೆದ್ದಲು ಮತ್ತು ಸಸಿಗಳ ತಪಾಸಣೆ ಮಾಡುವುದು ರೂಢಿಯಾಗಬೇಕು. ಇದಕ್ಕೆ ವರ್ಷಕ್ಕೆ ಇಷ್ಟು ಎಂದು ಬಜೆಟ್ಟಿನಲ್ಲಿ ಬೇರೆಯೇ ತೆಗೆದಿಡಿ. ತಾರಸಿಯ ಬಾಗಿಲ ಕೀಲಿ ಯಾರ ಹತ್ತಿರ ಇರಬೇಕು, ಅವರು ಊರಲ್ಲಿಲ್ಲದಾಗ ಇನ್ಯಾರ ಹತ್ತಿರ ಎಂಬುದನ್ನು ಸಮಿತಿಯ ನಡಾವಳಿಯಲ್ಲಿ ಹೆಸರು ಸಹಿತ ಬರೆಯಿಸಿ.